ಓದುತ್ತಿದ್ದ ಪುಸ್ತಕವನ್ನೇ ತಿದ್ದಿದರು

ನಾನು ಗೋ ಆಟ ಕಲಿತದ್ದು ತಳೇಗಾಂವದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಊಟದ ಬಿಡುವಿನಲ್ಲಿ. ಅಲ್ಲಿ ನಾನು ಖರೀದಿ ವಿಭಾಗದಲ್ಲಿದ್ದೇನೆ. ಹೊಸ ಯಂತ್ರಗಳನ್ನು ಕೂಡಿಸಿಕೊಡಲು ಜಪಾನಿನಿಂದ ಬಂದಿದ್ದ ಹಿರಿಯ ಎಂಜಿನಿಯರ್ ಒಬ್ಬರು ದಿನವೂ ಉದ್ದ ಮೇಜಿನ ಕೊನೆಯಲ್ಲಿ ಕೂತು, ಅಯಸ್ಕಾಂತದ ಪುಟ್ಟ ಹಲಗೆಯೊಂದನ್ನು ಬಿಚ್ಚಿ, ಕಪ್ಪಿನ ಪರವಾಗಿಯೂ ತಾವೇ, ಬಿಳಿಯ ಪರವಾಗಿಯೂ ತಾವೇ ಆಡುತ್ತಿದ್ದರು. ಒಬ್ಬ ಮನುಷ್ಯ ಹಾಗೆ ತನ್ನ ಜೊತೆ ತಾನೇ ಆಡಿಕೊಳ್ಳುವುದನ್ನು ನೋಡಲಾಗದೆ ಒಂದು ದಿನ ನಾನು ಎದುರಿಗೆ ಹೋಗಿ ಕೂತೆ. ಅವರ ಇಂಗ್ಲಿಷ್ ನನಗೆ, ನನ್ನ ಇಂಗ್ಲಿಷ್ ಅವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಆಟಕ್ಕೆ ಅಷ್ಟು ಸಾಕಾಯಿತು. ಅಡ್ಡಗೆರೆ ಉದ್ದಗೆರೆಗಳ ಹಲಗೆ. ಗೆರೆಗಳು ಕೂಡುವಲ್ಲಿ ಒಬ್ಬರಾದ ಮೇಲೊಬ್ಬರು ಒಂದೊಂದು ಕಲ್ಲು ಇಡಬೇಕು. ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಎದುರಾಳಿಯ ಕಲ್ಲನ್ನು ಎಲ್ಲ ಕಡೆಯಿಂದ ಮುತ್ತಿದರೆ ಅದು ನಿಮ್ಮದು. ಕೊನೆಗೆ ಹೆಚ್ಚು ಜಾಗವನ್ನು ಸುತ್ತುವರಿದವರು ಗೆದ್ದಂತೆ. ಇಷ್ಟೇ. ಈ ಇಷ್ಟಕ್ಕೇ ಒಂದು ಜನ್ಮ ಸಾಲದು ಎಂದು ನನಗೆ ತಿಳಿಯುವ ಹೊತ್ತಿಗೆ ಅವರ ಕೆಲಸ ಮುಗಿದು ಊರಿಗೆ ಹೊರಟು ನಿಂತಿದ್ದರು.

ಅವರು ಹೋದ ಮೇಲೆ ನನ್ನ ಜೊತೆ ಆಡುವವರು ಯಾರೂ ಉಳಿಯಲಿಲ್ಲ. ಫೋನಿನಲ್ಲಿ ಅಪರಿಚಿತರ ಜೊತೆ ಆಡಿ ನೋಡಿದೆ. ಸೋಲುವುದು ಖಚಿತವಾದ ಕೂಡಲೇ ಹೇಳದೆ ಕೇಳದೆ ಮಾಯವಾಗುವವರೇ ಅಲ್ಲಿ ಹೆಚ್ಚು. ಪುಸ್ತಕವಾದರೂ ಸಿಗಲಿ ಎಂದು ಪುಣೆಯ ಅಪ್ಪಾ ಬಳವಂತ ಚೌಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಗೋ ಎಂದರೆ ಹಸುವಿನ ಬಗ್ಗೆಯೋ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಚದುರಂಗದ ಪುಸ್ತಕ ತೆಗೆದುಕೊಟ್ಟು, ಎಲ್ಲ ಒಂದೇ ಎಂದರು. ಕೊನೆಗೆ ಸಿಕ್ಕಿದ್ದು ಟ್ಯಾಬಿನಲ್ಲಿ ಓದುವ ಪುಸ್ತಕಗಳು. ಗೋ ಪುಸ್ತಕಗಳನ್ನಷ್ಟೇ ಮಾರುವ ವಿದೇಶದ ಒಂದು ಕಂಪನಿಯವು.

ಅಂಥ ಪುಸ್ತಕವನ್ನು ಮೊದಲ ಸಲ ತೆರೆದಾಗ ಆದ ಸಂತೋಷವನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಕಾಗದದ ಗೋ ಪುಸ್ತಕದಲ್ಲಿ ಒಂದು ಚಿತ್ರದ ಮೇಲೆ ನೂರಾರು ಕಲ್ಲು, ಕಲ್ಲಿನ ಮೇಲೆ ಇರುವೆಯಂಥ ಅಂಕಿಗಳು, ಎಪ್ಪತ್ತೆಂಟನೆಯ ಕಲ್ಲು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಎಪ್ಪತ್ತೇಳನೆಯದು ಮರೆತಿರುತ್ತದೆ. ಇಲ್ಲಿ ಹಾಗಲ್ಲ. ಮೇಲೆ ಹಲಗೆ, ಕೆಳಗೆ ಬರಹ. ಬೆರಳು ಒತ್ತಿದರೆ ಮುಂದಿನ ಕಲ್ಲು ಬಂದು ಕೂರುತ್ತದೆ, ಅದರ ಬಗ್ಗೆ ಬರೆದವರ ಮಾತು ಕೆಳಗೆ ಮೂಡುತ್ತದೆ. ಬೇಕೆಂದರೆ ಮುಂದಿನ ಕಲ್ಲನ್ನು ಮುಚ್ಚಿಟ್ಟು, ನೀವೇ ಊಹಿಸಿ ಎಂದು ಪುಸ್ತಕ ಕೇಳುತ್ತದೆ. ಹೀಗೆ ಆಡದೆ ಹಾಗೆ ಆಡಿದ್ದರೆ ಏನಾಗುತ್ತಿತ್ತು ಎಂದು ನಿಮ್ಮದೇ ಒಂದು ಕವಲು ತೆಗೆದು ಕಲ್ಲುಗಳನ್ನಿಟ್ಟು ನೋಡಬಹುದು, ಪಕ್ಕದಲ್ಲಿ ನಾಲ್ಕು ಸಾಲು ಬರೆದಿಡಬಹುದು. ಆ ಜಪಾನಿ ಹಿರಿಯರು ಮತ್ತೆ ಎದುರಿಗೆ ಬಂದು ಕೂತಂತೆ ಅನ್ನಿಸುತ್ತಿತ್ತು.

ಕೊಂಡವುಗಳಲ್ಲಿ ಒಂದು ಪುಸ್ತಕ ಬಹಳ ಹಿಂದೆಯೇ ತೀರಿಕೊಂಡ ಆಟಗಾರರೊಬ್ಬರದು. ತಾವು ಆಡಿದ ಆಟಗಳಲ್ಲಿ ಕೆಲವನ್ನು ಆಯ್ದು, ಒಂದೊಂದು ಕಲ್ಲಿಗೂ ತಾವೇ ಮಾತು ಬರೆದಿದ್ದರು. ಜಪಾನಿಯಿಂದ ಇಂಗ್ಲಿಷಿಗೆ ಯಾರೋ ತಂದಿದ್ದರು. ಆಟದ ಮಾತಿನ ನಡುನಡುವೆ ಅವರ ಬದುಕೂ ಬರುತ್ತಿತ್ತು. ಈ ಕಲ್ಲಿಡುವಾಗ ಹಲ್ಲು ನೋಯುತ್ತಿತ್ತು ಎನ್ನುತ್ತಿದ್ದರು. ಎದುರಾಳಿ ಕೆಮ್ಮುತ್ತಿದ್ದುದರಿಂದ ತನಗೆ ಕನಿಕರ ಬಂದು ಕೈ ಮೆತ್ತಗಾಯಿತು ಎನ್ನುತ್ತಿದ್ದರು. ಇಲ್ಲಿ ಹೆದರಿದೆ ಎಂದು ನೇರವಾಗಿ ಒಪ್ಪಿಕೊಳ್ಳುತ್ತಿದ್ದರು. ನನಗೆ ಆಟಕ್ಕಿಂತ ಆ ಮಾತುಗಳೇ ಹಿಡಿಸಿದವು.

ನಾನು ಚಿಂಚವಾಡದಿಂದ ತಳೇಗಾಂವಕ್ಕೆ ಬೆಳಗಿನ ಲೋಕಲ್‌ನಲ್ಲಿ ಹೋಗುತ್ತೇನೆ. ರೈಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೆ ಟ್ಯಾಬ್ ತೆರೆಯುತ್ತೇನೆ. ಹಾಗೆ ಓದುತ್ತಿದ್ದ ಒಂದು ದಿನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, ಕನ್ನಡದಲ್ಲೇ ಕೇಳಿದರು. ಅದಕ್ಕೂ ಮುಂಚೆ ನಾನು ಫೋನಿನಲ್ಲಿ ಧಾರವಾಡದ ತಂಗಿಯ ಜೊತೆ ಮಾತಾಡಿದ್ದು ಅವರ ಕಿವಿಗೆ ಬಿದ್ದಿತ್ತು.

"ಇದೇನ್ರಿ, ಹುಲಿ-ಕುರಿ ಆಟೇನು?"

"ಹುಲಿನೂ ಇಲ್ಲ, ಕುರಿನೂ ಇಲ್ರಿ. ಎರಡೂ ಕಡೆ ಬರೇ ಕಲ್ಲು."

ಅವರು ಜಮಖಂಡಿಯ ಕಡೆಯವರು. ತಳೇಗಾಂವದ ಆಸ್ಪತ್ರೆಯೊಂದರಲ್ಲಿ ಮೇಟ್ರನ್. ಗಂಡ ಹೋಗಿ ಕೆಲವು ವರ್ಷಗಳಾಗಿದ್ದವು. ಮಗಳು ಮದುವೆಯಾಗಿ ನಾಶಿಕದಲ್ಲಿದ್ದಳು. ನಾಲ್ಕಾರು ದಿನಗಳಲ್ಲಿ ಅವರು ನನಗೆ ಅಕ್ಕ ಆದರು, ನಾನು ಅವರಿಗೆ ನೀನು ಆದೆ. ನಾನು ಕಲ್ಲು ಒತ್ತುವುದು, ಬರಹವನ್ನು ನಮ್ಮ ಕನ್ನಡಕ್ಕೆ ತಿರುಗಿಸಿ ಹೇಳುವುದು, ಅವರು ಕೇಳುವುದು. ಇಂಗ್ಲಿಷ್ ಅವರಿಗೆ ಬರುತ್ತಿತ್ತು, ಆದರೆ ಓಡುವ ರೈಲಿನಲ್ಲಿ ಸಣ್ಣ ಅಕ್ಷರ ಓದಿದರೆ ತಲೆ ಸುತ್ತುತ್ತದೆ ಎನ್ನುತ್ತಿದ್ದರು. ಬರಬರುತ್ತ ಮುಂದಿನ ಕಲ್ಲನ್ನು ಮುಚ್ಚಿಟ್ಟು ಇಬ್ಬರೂ ಪೈಪೋಟಿಯ ಮೇಲೆ ಊಹಿಸತೊಡಗಿದೆವು. ನಾನು ಲೆಕ್ಕ ಹಾಕಿ ಬೆರಳಿಡುತ್ತಿದ್ದೆ. ಅಕ್ಕ ಹಲಗೆಯನ್ನು ಒಂದು ಸಲ ನೋಡಿ, ಇಲ್ಲಿ ಯಾರೋ ಒಂಟಿಯಾಗಿ ಸಿಕ್ಕಿಕೊಂಡಿದ್ದಾರೆ ಎಂದು ತೋರಿಸುತ್ತಿದ್ದರು. ಹತ್ತರಲ್ಲಿ ಎಂಟು ಸಲ ಇಬ್ಬರದೂ ತಪ್ಪಾಗುತ್ತಿತ್ತು. ತಪ್ಪಾದಾಗಲೆಲ್ಲ ಅಕ್ಕ ಆ ಕವಲನ್ನು ಉಳಿಸಿಡು ಎನ್ನುತ್ತಿದ್ದರು, ಪಕ್ಕದಲ್ಲಿ ಏನು ಬರೆಯಬೇಕೆಂದೂ ಹೇಳುತ್ತಿದ್ದರು. ನಾನು ಕನ್ನಡದಲ್ಲೇ ಟೈಪ್ ಮಾಡುತ್ತಿದ್ದೆ. ಅಕ್ಕನ ಬಿಳಿ ಕಲ್ಲು ಇಲ್ಲಿ ಸತ್ತಿತು, ಆದರೆ ನಾಚಿಕೆಯಿಲ್ಲದೆ ಸತ್ತಿತು. ಅಂಥವು ಬಹಳ ಇದ್ದವು.

ಆ ಪುಸ್ತಕದ ಕೊನೆಯ ಭಾಗದಲ್ಲಿ ಒಂದು ಆಟವಿತ್ತು. ಹೆಂಡತಿ ತೀರಿಕೊಂಡ ಸ್ವಲ್ಪ ದಿನಕ್ಕೆ ಆ ಆಟಗಾರರು ಆಡಿದ್ದು. ನಡುವಿನಲ್ಲೇ ಅವರ ಕಪ್ಪು ಕಲ್ಲುಗಳ ದೊಡ್ಡ ಗುಂಪೊಂದು ಸತ್ತುಹೋಗುತ್ತದೆ. ಗೋ ಆಟದಲ್ಲಿ ಅಂಥ ಹೊತ್ತಿನಲ್ಲಿ ತಲೆಬಾಗಿ ಸೋಲೊಪ್ಪಿಕೊಳ್ಳುವುದೇ ಮರ್ಯಾದೆ. ಅವರು ಒಪ್ಪಿಕೊಳ್ಳುವುದಿಲ್ಲ. ಸೋತ ಆಟವನ್ನು ಸಂಜೆಯವರೆಗೂ ಎಳೆಯುತ್ತಾರೆ. ಸತ್ತ ಗುಂಪಿನ ನಂತರದ ಮೊದಲ ಕಲ್ಲಿನ ಕೆಳಗೆ, ತಾನು ಯಾಕೆ ಎದ್ದು ಹೋಗಲಿಲ್ಲ ಎಂದು ಅವರು ಎರಡು ಮೂರು ಸಾಲಿನಲ್ಲಿ ಬರೆದಿದ್ದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ದೇಹೂ ರೋಡ್ ದಾಟಿತು, ಬೇಗಡೇವಾಡಿ ದಾಟಿತು. ಆಮೇಲೆ ಅಕ್ಕ ಕಿಟಕಿಯ ಕಡೆ ನೋಡುತ್ತ ತಮ್ಮ ಗಂಡನ ವಿಷಯ ಹೇಳಿದರು. ಮೂತ್ರಪಿಂಡದ ಕಾಯಿಲೆಯಿಂದ ಅವರು ಬಹಳ ಕಾಲ ಹಾಸಿಗೆ ಹಿಡಿದಿದ್ದರಂತೆ. ಆ ದಿನಗಳಲ್ಲಿ ಅಕ್ಕ ಆಸ್ಪತ್ರೆಯಲ್ಲಿ ಬೇರೆಯವರ ಪಾಳಿಯನ್ನೂ ಕೇಳಿ ಕೇಳಿ ತಾವೇ ಮಾಡುತ್ತಿದ್ದರಂತೆ. ಎಲ್ಲರೂ ಎಷ್ಟು ಗಟ್ಟಿ ಹೆಂಗಸು ಎಂದು ಹೊಗಳಿದರಂತೆ.

"ಯಾರಿಗೂ ಹೇಳಿಲ್ಲ ಇದನ್ನ," ಎಂದರು ಅಕ್ಕ. "ಈ ಮನಶ್ಯಾ ಬರದಾನಲ್ಲ, ಅದಕ್ಕ ಹೇಳಿದೆ."

ಅಲ್ಲಿಂದ ಆ ಆಟ ನಮ್ಮದಾಯಿತು. ಹೊಸ ಪುಸ್ತಕ ಓದುತ್ತಿದ್ದರೂ ಆಗಾಗ ಅದಕ್ಕೇ ಮರಳುತ್ತಿದ್ದೆವು.

ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಅಕ್ಕ ಅದನ್ನೇ ಓದು ಎಂದರು. ಹಿಂದಿನ ದಿನ ಅವರ ವಾರ್ಡಿನಲ್ಲಿ ಬಹಳ ದಿನದಿಂದ ಇದ್ದ ರೋಗಿಯೊಬ್ಬರು ತೀರಿಕೊಂಡಿದ್ದರು. ತೆರೆದೆ. ಪುಸ್ತಕದ ಮುಖವೇ ಬೇರೆಯಾಗಿತ್ತು. ಹಲಗೆಯ ಪಕ್ಕದಲ್ಲಿ ಏರಿಳಿಯುವ ನೀಲಿ ಪಟ್ಟಿ, ಪ್ರತಿ ಕಲ್ಲಿನ ಮೇಲೂ ಒಂದು ಬಣ್ಣ: ಹಸಿರು ಸರಿ, ಕೆಂಪು ತಪ್ಪು. ಒತ್ತುತ್ತ ಹೋದೆ. ಕೆಮ್ಮುವ ಎದುರಾಳಿ ಇರಲಿಲ್ಲ. ಹಲ್ಲುನೋವು ಇರಲಿಲ್ಲ. ಆ ಗುಂಪು ಸತ್ತಿತು. ಅದರ ನಂತರದ ಕಲ್ಲು ಕೆಂಪಾಗಿ ಬಂದು ಕೂತಿತು. ಕೆಳಗೆ, ಗೆಲುವಿನ ಸಾಧ್ಯತೆ ಎಂದು ಒಂದು ಪುಟ್ಟ ಅಂಕಿ. ಅದರ ಪಕ್ಕದಲ್ಲಿ, ಇಲ್ಲಿ ಸೋಲೊಪ್ಪಿಕೊಳ್ಳುವುದು ಸೂಕ್ತ.

"ಓದು ಮತ್ತ," ಎಂದರು ಅಕ್ಕ.

"ಅಕ್ಕಾರ, ಇಲ್ಲಿ ಬ್ಯಾರೇನೋ ಅದ್ರಿ."

"ಬ್ಯಾರೇ ಅಂದ್ರ?"

"ಅವ್ರ ಮಾತ ಇಲ್ರಿ. ತಗದಾರ."

ಅಕ್ಕ ಚಷ್ಮಾ ಹಾಕಿಕೊಂಡು ಟ್ಯಾಬನ್ನು ಕೈಗೆ ತೆಗೆದುಕೊಂಡರು. ಹಿಂದೆ ಒತ್ತಿದರು, ಮುಂದೆ ಒತ್ತಿದರು. ನಾನು ಬೇರೆ ಪುಸ್ತಕ ತೆರೆದಿರಬಹುದು ಎಂದು ಮೊದಲು ಅವರಿಗೆ ಅನುಮಾನ. ಮುಖಪುಟ ನೋಡಿದರು. ಅದೇ ಹೆಸರು, ಅದೇ ಚಿತ್ರ. ನಮ್ಮ ಕವಲುಗಳು ಎಲ್ಲಿವೆ ನೋಡು ಎಂದರು. ಅವೂ ಇರಲಿಲ್ಲ. ನಾಚಿಕೆಯಿಲ್ಲದೆ ಸತ್ತ ಬಿಳಿ ಕಲ್ಲು, ಅಕ್ಕ ಹೇಳಿ ನಾನು ಬರೆದ ಸಾಲುಗಳು, ಒಂದೂ ಇಲ್ಲ. ರಾತ್ರೋರಾತ್ರಿ ಪುಸ್ತಕ ತನ್ನಷ್ಟಕ್ಕೆ ಹೊಸ ಆವೃತ್ತಿಗೆ ಬದಲಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳುವುದಿರಲಿ, ಹೇಳಿಯೂ ಇರಲಿಲ್ಲ.

ನನಗೆ ಸಿಟ್ಟು ಬರುವುದು ನಿಧಾನ. ಆ ದಿನ ಕಚೇರಿಯಲ್ಲಿ ಕೂತು ಕೊಟೇಶನ್‌ಗಳನ್ನು ನೋಡುತ್ತಿರುವಾಗ ಬಂತು, ಬಂದದ್ದು ಹೋಗಲಿಲ್ಲ. ಒಬ್ಬ ಮನುಷ್ಯ ತನ್ನ ಬದುಕಿನ ಅತ್ಯಂತ ಕೆಟ್ಟ ದಿನದ ಬಗ್ಗೆ ಬರೆದದ್ದನ್ನು ಕಿತ್ತುಹಾಕಿ, ಆ ಜಾಗದಲ್ಲಿ ಗಣಕಯಂತ್ರದ ಅಂಕಿ ಬರೆಯುವುದೆಂದರೇನು? ಗಣಕಯಂತ್ರ ಇವತ್ತು ಯಾವ ಮನುಷ್ಯನಿಗಿಂತಲೂ ಚೆನ್ನಾಗಿ ಗೋ ಆಡುತ್ತದೆ. ಗೊತ್ತು. ಅದರ ಜೊತೆ ನಾನೂ ಆಡಿದ್ದೇನೆ, ನಾಲ್ಕು ನಿಮಿಷದಲ್ಲಿ ಮಣ್ಣು ಮುಕ್ಕಿದ್ದೇನೆ. ಅದರ ಲೆಕ್ಕ ಸರಿ ಎಂದೇ ಇಟ್ಟುಕೊಳ್ಳೋಣ. ಆದರೆ ಆ ಆಟಗಾರರು ಸೋಲೊಪ್ಪಿಕೊಳ್ಳಬೇಕಿತ್ತು ಎಂಬುದು ಅವರಿಗೇ ಗೊತ್ತಿತ್ತು! ಗೊತ್ತಿದ್ದೂ ಯಾಕೆ ಕೂತಿದ್ದೆ ಎನ್ನುವುದನ್ನು ಅವರು ಬರೆದಿದ್ದು. ಅದನ್ನು ಯಾವ ಯಂತ್ರ ತಿದ್ದಲು ಸಾಧ್ಯ?

ಕಂಪನಿಗೆ ಬರೆದೆ. ಸಭ್ಯವಾಗಿಯೇ ಬರೆದೆ. ಮರುದಿನ ಉತ್ತರ ಬಂತು. ನಾನು ಅವರ ಅಮೂಲ್ಯ ಓದುಗರಲ್ಲೊಬ್ಬಳಂತೆ. ನನ್ನ ಪುಸ್ತಕವನ್ನು ಉತ್ತಮಪಡಿಸಲಾಗಿದೆಯಂತೆ. ಈ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೆಳಗೆ ಐದು ಖಾಲಿ ನಕ್ಷತ್ರಗಳು. ಇನ್ನೊಮ್ಮೆ ಬರೆದೆ: ನನಗೆ ಉತ್ತಮವಾದ ಪುಸ್ತಕ ಬೇಡ, ನಾನು ಕೊಂಡ ಪುಸ್ತಕ ಬೇಕು. ಈ ಸಲ ಉತ್ತರ ನಿಯಮದ ಭಾಷೆಯಲ್ಲಿತ್ತು. ನಾನು ಕೊಂಡದ್ದು ಪುಸ್ತಕವನ್ನಲ್ಲವಂತೆ, ಓದುವ ಅನುಮತಿಯನ್ನಂತೆ. ಒಳಗಿನ ವಿಷಯವನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಅವರದಂತೆ. ಅದಕ್ಕೆ ನಾನು ಒಪ್ಪಿಗೆ ಕೊಟ್ಟಿದ್ದೇನಂತೆ. ಕೊಟ್ಟಿರಬಹುದು. ಪುಸ್ತಕ ತೆರೆಯುವ ಮುಂಚೆ ಒಪ್ಪಿದ್ದೇನೆ ಎಂದು ಒತ್ತದೆ ಯಾವುದು ತೆರೆಯುತ್ತದೆ ಹೇಳಿ. ಅವರ ಅಂಗಡಿಯ ಪುಟದಲ್ಲಿ ಓದುಗರ ಅಭಿಪ್ರಾಯ ಎಂಬ ಜಾಗವಿತ್ತು. ಅಲ್ಲಿ ನಡೆದದ್ದನ್ನು ಬರೆದೆ. ಎರಡು ದಿನ ಬಿಟ್ಟು ನೋಡಿದರೆ ಅದೂ ಇಲ್ಲ.

ಅಕ್ಕನಿಗೆ ನನ್ನಷ್ಟು ಸಿಟ್ಟು ಬಂದಿರಲಿಲ್ಲ. ಅವರಿಗೆ ಆ ಸಾಲು ಬೇಕಿತ್ತು, ಅಷ್ಟೇ. ಹೋಗಲಿ, ನಿನಗೆ ನೆನಪಿದೆಯಲ್ಲ, ಹೇಳು ಎಂದರು. ಹೇಳಿದೆ. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ, ಆದ್ದರಿಂದ ಕೂತೇ ಇದ್ದೆ ಎಂದು ಬರೆದಿದ್ದರಲ್ಲವೇ ಎಂದೆ.

ಅಕ್ಕ ನನ್ನ ಮುಖ ನೋಡಿದರು. "ಹಂಗಿರಲಿಲ್ಲ. ಮನೀಗೆ ಹೋಗಾಕ ಮನಸಿರಲಿಲ್ಲ ಅಂತ ಇತ್ತು."

"ಎರಡೂ ಒಂದಽ ಅಲ್ಲೇನ್ರಿ?"

"ಒಂದ ಹೆಂಗ ಆಕ್ಕೈತಿ? ಕಾಯವ್ರು ಇದ್ರೂ ಹೋಗಾಕ ಮನಸ ಇರೂದಿಲ್ಲ, ಒಮ್ಮೊಮ್ಮೆ."

ನಾನು ಒಂಟಿಯಾಗಿರುವವಳು. ಅವ್ವ ಹೋದ ಮೇಲೆ ಚಿಂಚವಾಡದ ಮನೆಯ ಬಾಗಿಲಿನ ಬೀಗವನ್ನು ಸಂಜೆ ನಾನೇ ತೆಗೆದು ಒಳಗೆ ಹೋಗುತ್ತೇನೆ. ನನ್ನ ನೆನಪು ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಕ್ಕನಿಗೂ ತಮ್ಮದರಲ್ಲಿ ಇರಲಿಲ್ಲ. ನೀನೇ ಹೇಳಿದ್ದು ನನಗೆ, ನಿನ್ನ ಬಾಯಿಂದಲೇ ಕೇಳಿದ್ದು ಎಂದರು. ನಾನು ಹಾಗೆ ಹೇಳಿಲ್ಲ ಎಂದೆ. ಇಬ್ಬರ ದನಿಯೂ ಸ್ವಲ್ಪ ಏರಿತು. ಎದುರು ಕೂತಿದ್ದ ಮರಾಠಿ ಹೆಂಗಸರು ತಮ್ಮ ಮಾತು ನಿಲ್ಲಿಸಿ ನೋಡಿದರು. ಪುಸ್ತಕ ಇದ್ದಿದ್ದರೆ ತೆಗೆದು ನೋಡಿ ಮುಗಿಸಬಹುದಿತ್ತು. ಎರಡು ದಿನ ನಾವು ಒಂದೇ ಬೆಂಚಿನ ಮೇಲೆ ಕೂತು ಸರಿಯಾಗಿ ಮಾತಾಡಲಿಲ್ಲ. ಇಬ್ಬರು ಬೆಳೆದ ಹೆಂಗಸರು, ಎಂದೋ ಸತ್ತುಹೋದ ಪರದೇಶದವನ ಒಂದು ಮಾತಿಗಾಗಿ. ನಗು ಬರುತ್ತದೆ. ಆದರೆ ಆ ಜಗಳಕ್ಕೆ ಕಾರಣರಾದವರನ್ನು ನೆನೆದರೆ ನಗು ಅಲ್ಲೇ ನಿಲ್ಲುತ್ತದೆ.

ಆ ಭಾನುವಾರ ಅಕ್ಕನನ್ನು ಕರೆದುಕೊಂಡು ವಾಕಡಕ್ಕೆ ಹೋದೆ. ಅಲ್ಲಿನ ಒಂದು ಕಾಫಿ ಅಂಗಡಿಯಲ್ಲಿ ಗೋ ಆಡುವವರು ಕೆಲವರು ವಾರಕ್ಕೊಮ್ಮೆ ಸೇರುತ್ತಾರೆ, ಬಹುಪಾಲು ಐಟಿಯವರು. ನಾನು ಅಪರೂಪಕ್ಕೆ ಹೋಗುತ್ತಿದ್ದೆ. ಅವರಲ್ಲಿ ಒಬ್ಬ ಮೈಸೂರಿನ ಕಡೆಯವನು, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುವವನು. ಅವನಲ್ಲೂ ಆ ಕಂಪನಿಯ ಪುಸ್ತಕಗಳಿವೆ ಎಂದು ಗೊತ್ತಿತ್ತು. ಹಳೆಯ ಪ್ರತಿಯನ್ನು ಎಲ್ಲಾದರೂ ಉಳಿಸಿಕೊಂಡಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದ. ಅಷ್ಟಕ್ಕೇ ಬಿಡಲಿಲ್ಲ, ಹೊಸದೇ ಚೆನ್ನಾಗಿದೆಯಲ್ಲ ಎಂದ. ಆ ಕಾಲದ ಟಿಪ್ಪಣಿಗಳಲ್ಲಿ ಅರ್ಧಕ್ಕರ್ಧ ತಪ್ಪು ಎಂದು ಈಗ ತಿಳಿದಿದೆ, ಅದನ್ನು ಓದಿ ಕಲಿತರೆ ತಪ್ಪನ್ನೇ ಕಲಿತಂತೆ ಎಂದು ವಿವರಿಸಿದ. ಒರಟನಲ್ಲ. ನಮ್ಮಿಬ್ಬರಿಗೂ ಕಾಫಿ ತರಿಸಿ, ಅಕ್ಕನಿಗೆ ಕುರ್ಚಿ ಎಳೆದುಕೊಟ್ಟು, ಸಮಾಧಾನವಾಗಿಯೇ ಹೇಳಿದ.

"ತಪ್ಪೈತಿ ಅಂತ ಬಾಜೂಕ ಬರೀರಿ," ಎಂದರು ಅಕ್ಕ. "ಅವ್ರು ಅಂದದ್ದನ್ನ ಯಾಕ ಅಳಸಬೇಕು?"

"ಎರಡೂ ಇಟ್ರೆ ಓದೋರಿಗೆ ಕನ್‌ಫ್ಯೂಸ್ ಆಗುತ್ತೆ ಆಂಟಿ. ನೀವೇ ಹೇಳಿ, ಆಸ್ಪತ್ರೇಲಿ ಹಳೇ ಟ್ರೀಟ್‌ಮೆಂಟ್ ಪುಸ್ತಕ ಇಟ್ಕೊಂಡು ಔಷಧಿ ಕೊಡ್ತೀರಾ?"

ಅಕ್ಕ ಸ್ವಲ್ಪ ಯೋಚಿಸಿ, ಇಲ್ಲ, ಕೊಡುವುದಿಲ್ಲ ಎಂದರು. ಅವನ ಮಾತಿನಲ್ಲಿ ಏನೋ ತಪ್ಪಿದೆ ಎಂದು ಇಬ್ಬರಿಗೂ ಅನ್ನಿಸುತ್ತಿತ್ತು, ಅದು ಏನೆಂದು ಆ ಹೊತ್ತಿಗೆ ಹೇಳಲು ಬರಲಿಲ್ಲ. ನಾನು ಔಷಧಿಯೇ ಬೇರೆ, ಇದೇ ಬೇರೆ ಎಂದು ಏನೇನೋ ಹೇಳಿದೆ. ಅವನು ನಕ್ಕು ಹಲಗೆ ಜೋಡಿಸತೊಡಗಿದ. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ರಿಕ್ಷಾದಲ್ಲಿ ವಾಪಸು ಬರುವಾಗ ಅಕ್ಕ ನನ್ನ ಮೊಣಕೈ ತಟ್ಟಿ, ಹುಡುಗ ಕೆಟ್ಟವನಲ್ಲ ಎಂದರು. ಅದು ನನಗೂ ಗೊತ್ತಿತ್ತು. ಕೆಟ್ಟವನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಒಳ್ಳೆಯವನೊಬ್ಬ, ಓದಿದವನೊಬ್ಬ, ಒಂದು ಪುಸ್ತಕದಲ್ಲಿ ಮನುಷ್ಯನ ಮಾತು ಇರುವುದನ್ನು ಕೊಳೆ ಎಂದು ತಿಳಿದಿದ್ದನಲ್ಲ, ಅದು ಉರಿಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಅವನಿಂದಲೇ ಫೋನ್ ಬಂತು. ಕಂಪನಿಯವರು ಬೇರೆ ಪುಸ್ತಕಗಳನ್ನೂ ಹಾಗೆಯೇ ಉತ್ತಮಪಡಿಸಲು ಹೊರಟಿದ್ದರು. ಅವನ ಹತ್ತಿರ ಸಮಸ್ಯೆಗಳ ಒಂದು ಪುಸ್ತಕವಿತ್ತು. ಅದರಲ್ಲಿ ಪ್ರತಿ ಸಮಸ್ಯೆಯ ಕೆಳಗೂ ತಾನು ಮೊದಲು ಏನು ಯೋಚಿಸಿದೆ, ಎಲ್ಲಿ ಎಡವಿದೆ ಎಂದು ವರ್ಷಗಟ್ಟಲೆ ಬರೆದಿಟ್ಟಿದ್ದ.

"ನನ್ ನೋಟ್ಸ್ ಎಲ್ಲಾ ಹೋಯ್ತು ಮೇಡಂ," ಎಂದ. ದನಿ ಸಣ್ಣದಾಗಿತ್ತು.

"ಹಳೇವಾಗಿದ್ದವೇನೋ," ಎಂದೆ. "ತಪ್ಪೂ ಇದ್ದವಲ್ಲ ಅದರಾಗ."

ಅವನು ಸಾರಿ ಎಂದ. ಮೇಲಿನ ಮಾತನ್ನು ನಾನು ಹೇಳಬಾರದಿತ್ತು ಎಂದು ಯಾರಾದರೂ ಅಂದರೆ ಒಪ್ಪುವುದಿಲ್ಲ. ಹೇಳಿ ನನಗೆ ಬಹಳ ಹಿತವಾಯಿತು.

ಆಮೇಲೆ ಅವನು ಮಾಡಿದ ಕೆಲಸವನ್ನು ಮಾತ್ರ ಹೇಳಲೇಬೇಕು. ಬೇರೆ ಬೇರೆ ದೇಶಗಳ ಗೋ ಆಟಗಾರರು ಸೇರಿ ಹರಟುವ ತಾಣವೊಂದರಲ್ಲಿ ತನಗಾದದ್ದನ್ನು ಬರೆದ, ನನ್ನ ಹಳೆಯ ದೂರುಗಳನ್ನೂ ಸೇರಿಸಿದ. ಅದರ ಕೆಳಗೆ ಜನ ಸಾಲುಗಟ್ಟಿದರು. ಎಲ್ಲರೂ ತಮ್ಮ ತಮ್ಮ ಬರಹ ಕಳೆದುಕೊಂಡವರೇ. ನಾನು ದಿನವೂ ತೆರೆದು ಓದುತ್ತಿದ್ದೆ. ಸತ್ತುಹೋದ ಆ ಆಟಗಾರರ ಮಾತು ಹೋಯಿತಲ್ಲ ಎಂದು ಬರೆದವರು ಬೆರಳೆಣಿಕೆಯವರು. ಆದರೂ ಸೇರಿದ ಗದ್ದಲಕ್ಕೆ ಕಂಪನಿ ಹೆದರಿತು. ತಿಂಗಳೊಳಗೆ ಪ್ರಕಟಣೆ ಬಂತು: ಓದುಗರ ಒತ್ತಾಯದ ಮೇರೆಗೆ ಹಳೆಯ ಟಿಪ್ಪಣಿಗಳನ್ನು ಮರಳಿ ಕೊಡಲಾಗುವುದು. ಓದುಗರು ಬರೆದಿಟ್ಟದ್ದನ್ನು ಮರಳಿ ಪಡೆಯಲು ಸಾಧ್ಯವಿಲ್ಲ, ವಿಷಾದಿಸುತ್ತೇವೆ. ಮೈಸೂರಿನವನಿಗೆ ಬೇಕಾದದ್ದು ಸಿಗಲಿಲ್ಲ, ನಮಗೆ ಬೇಕಾದದ್ದು ಅವನಿಂದ ಸಿಕ್ಕಿತು. ಅವನು ಬೇಸರವಿಲ್ಲದೆ, ಆಂಟಿಗೆ ತಿಳಿಸಿ ಎಂದ.

ಮರಳಿ ಕೊಟ್ಟ ಬಗೆಯನ್ನೂ ಕೇಳಿ. ಪುಟದ ತಳದಲ್ಲಿ ಬೂದು ಬಣ್ಣದ ಒಂದು ಸಣ್ಣ ಗುಂಡಿ. ಒತ್ತಿದರೆ ಮೊದಲು ಎಚ್ಚರಿಕೆ: ಈ ಟಿಪ್ಪಣಿಗಳು ಐತಿಹಾಸಿಕ ಸ್ವರೂಪದವು, ಇವುಗಳಲ್ಲಿ ತಪ್ಪುಗಳಿರಬಹುದು. ಸರಿ ಎಂದು ಒಪ್ಪಿಕೊಂಡರೆ ಮಾತ್ರ ಆ ಮನುಷ್ಯ ಬಾಯಿಬಿಡಬಹುದು. ಅವರ ಪುಸ್ತಕದಲ್ಲೇ ಅವರು ಅಪ್ಪಣೆ ಪಡೆದು ಮಾತಾಡಬೇಕು! ಪ್ರತಿ ಕಲ್ಲಿಗೂ ಈ ಎಚ್ಚರಿಕೆ. ಅಕ್ಕ, ಆಪರೇಶನ್‌ಗೂ ಇಷ್ಟು ಸಲ ಸಹಿ ತೆಗೆದುಕೊಳ್ಳುವುದಿಲ್ಲ ಎಂದರು.

ಆ ಆಟವನ್ನು ತೆರೆದೆವು. ಬೆಳಗಿನ ಲೋಕಲ್ ಆಕುರ್ಡಿ ಬಿಟ್ಟಿತ್ತು. ಬಾಗಿಲಲ್ಲಿ ನಿಂತಿದ್ದವರು ಒಳಗೆ ಸರಿಯುತ್ತಿದ್ದರು, ಬುಟ್ಟಿಯವಳು ಸರ್ಕಾ, ಸರ್ಕಾ ಎನ್ನುತ್ತ ದಾರಿ ಮಾಡಿಕೊಳ್ಳುತ್ತಿದ್ದಳು. ನಾನು ಬೇಗ ಬೇಗ ಒತ್ತಿದೆ. ಗುಂಪು ಸತ್ತಿತು. ನಂತರದ ಕಲ್ಲು ಬಂದಿತು. ಬೂದು ಗುಂಡಿ, ಎಚ್ಚರಿಕೆ, ಒಪ್ಪಿಗೆ. ಓದಿದೆ. ಮತ್ತೆ ಓದಿದೆ. ಟ್ಯಾಬನ್ನು ಅಕ್ಕನ ಕೈಗೇ ಕೊಟ್ಟೆ.

ಇಲ್ಲಿ ಸೋಲೊಪ್ಪಿಕೊಳ್ಳಬೇಕಿತ್ತು, ಒಪ್ಪಿಕೊಳ್ಳದೆ ಆಡುತ್ತ ಹೋದೆ ಎಂದಷ್ಟೇ ಅಲ್ಲಿತ್ತು. ಮನೆಯ ಮಾತೇ ಇರಲಿಲ್ಲ. ಕಾಯುವವರೂ ಇಲ್ಲ, ಮನಸ್ಸೂ ಇಲ್ಲ.

ಅಕ್ಕ ಬಹಳ ಹೊತ್ತು ನೋಡಿದರು. "ಮುಂದಿಂದ ಒತ್ತು," ಎಂದರು. ಮುಂದಿನ ಕಲ್ಲಿನಲ್ಲಿ ಆಟದ ಮಾತಷ್ಟೇ ಇತ್ತು. ಅದರ ಮುಂದಿನದರಲ್ಲೂ.

"ನಾವಽ ಕೂಡ್ಸಿದ್ವೇನ?" ಎಂದು ಅಕ್ಕ ಕೇಳಿದರು.

ನಾನು ಯೋಚಿಸಿದೆ. ಕನ್ನಡಕ್ಕೆ ತಿರುಗಿಸಿ ಹೇಳುವಾಗ ನಾನೇ ಒಂದು ಮಾತು ಸೇರಿಸಿದ್ದಿರಬಹುದೇ? ಇರಬಹುದು. ಅಕ್ಕ ಕೇಳುವಾಗ ಅದನ್ನು ತಮ್ಮದಾಗಿ ತಿರುಗಿಸಿಕೊಂಡಿರಬಹುದೇ? ಅದೂ ಇರಬಹುದು. ಮನುಷ್ಯರು ಹಾಗೆ ಮಾಡುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ. ಆದರೆ ಇನ್ನೊಂದು ಸಾಧ್ಯತೆಯೂ ಇದೆ. ಮರಳಿಸುವಾಗ ಅವರೇ ಕತ್ತರಿಸಿರಬಹುದು. ಆಟಕ್ಕೆ ಸಂಬಂಧವಿಲ್ಲದ ಸಾಲು ಎಂದು ಯಾರೋ, ಅಥವಾ ಯಾವುದೋ, ತೆಗೆದುಹಾಕಿರಬಹುದು. ಹುಡುಕಿದೆ: ಹಲ್ಲುನೋವು ಇತ್ತು, ಕೆಮ್ಮು ಇರಲಿಲ್ಲ. ಕೆಮ್ಮು ಇದ್ದದ್ದಂತೂ ನಿಜ, ಅದು ಇಬ್ಬರಿಗೂ ಒಂದೇ ರೀತಿ ನೆನಪಿದೆ. ಹಾಗಾದರೆ ಕೆಮ್ಮಿನ ಜೊತೆ ಮನೆಯೂ ಹೋಗಿರಬಹುದಲ್ಲ? ಕಂಪನಿಗೆ ಮತ್ತೆ ಬರೆದು ಕೇಳಿದೆ. ಮೂಲದಲ್ಲಿದ್ದಂತೆಯೇ ಕೊಟ್ಟಿದ್ದೇವೆ ಎಂದು ಉತ್ತರ, ಕೆಳಗೆ ಅದೇ ಐದು ನಕ್ಷತ್ರ. ನನಗೆ ಆಟ ಕಲಿಸಿದ ಜಪಾನಿನ ಹಿರಿಯರಿಗೂ ಬರೆದೆ. ಕಾಗದದ ಆ ಪುಸ್ತಕ ಈಗ ಅಚ್ಚಿನಲ್ಲಿಲ್ಲ, ಹಳೆಯ ಪುಸ್ತಕದಂಗಡಿಗಳಲ್ಲಿ ಕಣ್ಣಿಟ್ಟಿರುತ್ತೇನೆ ಎಂದರು. ಇನ್ನೂ ಸಿಕ್ಕಿಲ್ಲ.

ಪುಸ್ತಕ ಕಳೆದುಹೋದರೆ ದುಃಖವಾಗುತ್ತದೆ. ಗೆದ್ದಲು ತಿಂದರೆ, ನೀರು ಬಿದ್ದರೆ, ಯಾರಾದರೂ ಒಯ್ದು ಮರಳಿಸದಿದ್ದರೆ, ಅದನ್ನೆಲ್ಲ ನಾನು ಕಂಡಿದ್ದೇನೆ. ಆಗ ಕಡೆಯ ಪಕ್ಷ ಹೋಯಿತು ಎಂದು ಗೊತ್ತಾಗುತ್ತದೆ. ಇಲ್ಲಿ ಪುಸ್ತಕ ಕೈಯಲ್ಲೇ ಇದೆ, ಅದೇ ಹೆಸರಿದೆ, ಅದೇ ಮುಖಪುಟವಿದೆ, ಒಳಗೆ ಏನಿತ್ತು ಎಂದು ಹೇಳುವ ಶಕ್ತಿ ನನಗಿಲ್ಲ. ನನ್ನ ನೆನಪಿನ ಮೇಲೇ ನನಗೆ ನಂಬಿಕೆ ಹೋಗುವ ಹಾಗೆ ಮಾಡಿದರಲ್ಲ, ಅದನ್ನು ನಾನು ಕ್ಷಮಿಸಲಾರೆ. ಒಬ್ಬ ಹೆಂಗಸು ವರ್ಷಗಟ್ಟಲೆ ಯಾರಿಗೂ ಹೇಳದ ಮಾತನ್ನು ಹೇಳಿಕೊಂಡದ್ದು ಆ ಸಾಲಿನ ಮೇಲೆ ಭಾರ ಹಾಕಿ. ಆ ಸಾಲು ಇತ್ತೋ ಇಲ್ಲವೋ ಎಂದು ಅವಳು ನನ್ನನ್ನು ಕೇಳಿದರೆ, ನಾನು ಗೊತ್ತಿಲ್ಲ ಎನ್ನಬೇಕು.

ಅಕ್ಕ ಈಚೆಗೆ ಕೇಳುವುದನ್ನು ಬಿಟ್ಟಿದ್ದಾರೆ. ಒಂದು ದಿನ ತಳೇಗಾಂವದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನಡೆಯುವಾಗ ತಾವಾಗಿಯೇ ಹೇಳಿದರು.

"ಅವ ಬರದಿರಲಿ ಬಿಡಲಿ. ನಾ ಹೇಳಿದ್ದು ಖರೇನಽ ಐತಿ. ನೀ ಭಾಳ ತಲಿ ಕೆಡಿಸ್ಕೋಬ್ಯಾಡ."

ಕೆಡಿಸಿಕೊಳ್ಳದೆ ಇರಲು ನನಗೆ ಆಗಿಲ್ಲ. ಈಗ ನಾವು ಬೇರೊಂದು ಪುಸ್ತಕ ಓದುತ್ತಿದ್ದೇವೆ. ಅದೂ ಅಂಥದ್ದೇ, ಕಲ್ಲು ಒತ್ತಿ ಓದುವಂಥದ್ದು. ಬೇರೆ ದಾರಿ ಇಲ್ಲ, ಪುಣೆಯಲ್ಲಿ ಗೋ ಪುಸ್ತಕ ಇನ್ನೂ ಯಾರೂ ಮಾರುವುದಿಲ್ಲ. ತಾನಾಗಿ ಬದಲಾಗುವುದನ್ನು ನಿಲ್ಲಿಸುವುದು ಹೇಗೆ ಎಂದು ಮೈಸೂರಿನವನು ತೋರಿಸಿಕೊಟ್ಟಿದ್ದಾನೆ. ಆದರೂ ನಂಬಿಕೆಯಿಲ್ಲ. ಓದುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ದುಡ್ಡು ಕೊಟ್ಟು ಕೊಂಡ ಪುಸ್ತಕಕ್ಕೆ ನಾನೇ ಕಾವಲು. ಚಿಂಚವಾಡ ಬಿಟ್ಟಾಗ ಶುರುಮಾಡಿದರೆ ಒಮ್ಮೊಮ್ಮೆ ಅರ್ಧ ದಾರಿ ಅದರಲ್ಲೇ ಕಳೆಯುತ್ತದೆ. ಅಕ್ಕ ಚೀಲದಿಂದ ಡಬ್ಬಿ ತೆಗೆದು ಶೇಂಗಾ ಉಂಡೆ ಕೊಡುತ್ತಾರೆ, ತಾವೂ ತಿನ್ನುತ್ತಾರೆ, ಕೈ ಒರೆಸಿಕೊಂಡು ಕಾಯುತ್ತಾರೆ. ಕೊನೆಗೆ ತಾಳ್ಮೆಗೆಟ್ಟು, ಸಾಕು ಮಾಡು, ಊರು ಬಂತು, ಈ ಕಪ್ಪು ಎಲ್ಲಿ ಹೋಗುತ್ತದೆ ಹೇಳು ಎಂದು ಹಲಗೆಯ ಮೇಲೆ ಬೆರಳಿಡುತ್ತಾರೆ.